ಟ್ಯಾಂಕ್ ಸೆನ್ಸರ್‌ಗೆ 433 ಮಾಡ್ಯೂಲ್ ಹಾಕಿದೆ, ಪಾರ್ಕಿಂಗ್‌ನಲ್ಲಿ ಕಾರಿನ ರಿಮೋಟ್ ಕೆಲಸ ಮಾಡುತ್ತಿಲ್ಲ. ಲೈಸೆನ್ಸ್ ಬೇಡದ ರೇಡಿಯೋಗೆ ನಿಯಮ ಏನು?

ಸಂಪ್_ಟ್ಯಾಂಕ್, ವಿಜಯನಗರ

ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ಕು ಮಹಡಿಯ ಕಟ್ಟಡ, ಹತ್ತು ಮನೆಗಳಿವೆ. ಕಾವೇರಿ ನೀರು ದಿನ ಬಿಟ್ಟು ದಿನ ಬಂದು ಸಂಪ್‌ಗೆ ಬೀಳುತ್ತದೆ. ಅಲ್ಲಿಂದ ಮೋಟಾರ್ ಹಾಕಿ ಮೇಲಿನ ಟ್ಯಾಂಕ್ ತುಂಬಿಸಬೇಕು. ಆಫ್ ಮಾಡುವುದನ್ನು ಯಾರಾದರೂ ಮರೆತರೆ ನೀರೆಲ್ಲ ತಾರಸಿಯಿಂದ ಬೀದಿಗೆ ಹರಿಯುತ್ತದೆ. ಇದನ್ನು ನೋಡಲಾಗದೆ ಎರಡು ತಿಂಗಳ ಹಿಂದೆ ನಾನೇ ಒಂದು ಸಾಧನ ಮಾಡಿದೆ. ಟ್ಯಾಂಕ್ ಹತ್ತಿರ ನೀರಿನ ಮಟ್ಟ ನೋಡುವ ಸೆನ್ಸರ್, ಒಂದು ಆರ್ಡುಯಿನೊ (ಪ್ರೋಗ್ರಾಂ ಹಾಕುವ ಸಣ್ಣ ಬೋರ್ಡ್), ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ತಂದ ಎಚ್‌ಸಿ-12 ಅನ್ನುವ ರೇಡಿಯೋ ಮಾಡ್ಯೂಲ್. ಕೆಳಗೆ ಸ್ಟಾರ್ಟರ್ ಪಕ್ಕ ಅಂಥದ್ದೇ ಇನ್ನೊಂದು ಡಬ್ಬಿ. ಟ್ಯಾಂಕ್ ತುಂಬಿದರೆ ಮೋಟಾರ್ ತಾನೇ ನಿಲ್ಲುತ್ತದೆ. ಚೆನ್ನಾಗಿಯೇ ನಡೆಯುತ್ತಿತ್ತು.

ಈಗ ಮೂರು ವಾರದಿಂದ ಕೆಳಗಿನ ಪಾರ್ಕಿಂಗ್‌ನಲ್ಲಿ ಕಾರುಗಳ ರಿಮೋಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಎರಡನೇ ಮಹಡಿಯ ಆಂಟಿ ಬ್ಯಾಟರಿ ಬದಲಿಸಿದರು, ಆಮೇಲೆ ಸರ್ವಿಸ್ ಸೆಂಟರ್‌ಗೂ ಹೋಗಿ ಬಂದರು. ಕಾರು ಗೇಟಿನ ಹೊರಗೆ ನಿಂತರೆ ರಿಮೋಟ್ ಸರಿ, ಒಳಗೆ ಬಂದರೆ ಇಲ್ಲ. ನನ್ನ ಡಬ್ಬಿಯೇ ಕಾರಣ ಇರಬಹುದಾ? ಅಂಗಡಿಯವರು 433 ಮೆಗಾಹರ್ಟ್ಸ್ ಫ್ರೀ ಬ್ಯಾಂಡ್, ಲೈಸೆನ್ಸ್ ಬೇಡ ಅಂದಿದ್ದರು. ನಿಯಮ ನಿಜವಾಗಿ ಏನು ಹೇಳುತ್ತದೆ ಅಂತ ತಿಳಿದವರು ಹೇಳಿ.

ಎಸ್‌ಪಿರೋಡ್_ಗಿರಾಕಿ

433 ಫ್ರೀ ಬ್ಯಾಂಡೇ ಗುರು. ಎಲ್ಲರೂ ಅದನ್ನೇ ಹಾಕುತ್ತಾರೆ. ಗೇಟ್ ರಿಮೋಟ್, ಕಾಲಿಂಗ್ ಬೆಲ್, ಫ್ಯಾನ್ ರಿಮೋಟ್ ಎಲ್ಲಾ ಅದರಲ್ಲೇ ಇದೆ. ತಲೆ ಕೆಡಿಸಿಕೊಳ್ಳಬೇಡಿ. ಕಾರಿನ ರಿಮೋಟ್‌ಗೆ ಬೇರೆ ಏನೋ ಆಗಿರಬೇಕು.

ಶಾರ್ಟ್‌ವೇವ್_ಬಸವನಗುಡಿ

ಒಂದೇ ಪ್ರಶ್ನೆ. ನಿಮ್ಮ ಡಬ್ಬಿ ಎಷ್ಟು ಹೊತ್ತಿಗೊಮ್ಮೆ ಸಂದೇಶ ಕಳಿಸುತ್ತದೆ? ಮೂರು ವಾರದ ಹಿಂದೆ ಪ್ರೋಗ್ರಾಂನಲ್ಲಿ ಏನಾದರೂ ಬದಲಾಯಿಸಿದಿರಾ?

ಸಂಪ್_ಟ್ಯಾಂಕ್

ಅಯ್ಯೋ, ಹೌದು. ಮೊದಲು ನಿಮಿಷಕ್ಕೊಮ್ಮೆ ಕಳಿಸುತ್ತಿತ್ತು. ಮೋಟಾರ್ ನಿಲ್ಲುವುದು ತಡವಾಗುತ್ತದೆ ಅಂತ ಸೆಕೆಂಡಿಗೆ ಹತ್ತು ಸಲ ಮಾಡಿದೆ. ಮೇಲಿನ ಡಬ್ಬಿ ಮಟ್ಟ ಕಳಿಸುತ್ತದೆ, ಕೆಳಗಿನದು ಪ್ರತಿ ಸಲವೂ 'ಬಂತು' ಅಂತ ಉತ್ತರ ಕೊಡುತ್ತದೆ.

ಶಾರ್ಟ್‌ವೇವ್_ಬಸವನಗುಡಿ

ಹಾಗಾದರೆ ಮೊದಲು ಕೆಳಗಿನ ಡಬ್ಬಿಯ ಕರೆಂಟ್ ತೆಗೆದು ಆಂಟಿಯ ಕಾರಿನ ಬೀಗ ತೆಗೆದು ನೋಡಿ. ಉಳಿದದ್ದು ಆಮೇಲೆ ಮಾತಾಡೋಣ.

ಸಂಪ್_ಟ್ಯಾಂಕ್

ನೋಡಿದೆ. ಡಬ್ಬಿ ಆಫ್ ಮಾಡಿದರೆ ಮೊದಲ ಒತ್ತಿಗೇ ಬೀಗ ತೆರೆಯಿತು. ಆನ್ ಮಾಡಿದರೆ ಕಾರಿಗೆ ಮೈ ತಾಗಿಸಿ ನಿಂತು ಐದಾರು ಸಲ ಒತ್ತಬೇಕು. ನಾನೇ ಕಾರಣ. ಆಂಟಿಗೆ ಹೇಳಿ ಕ್ಷಮೆ ಕೇಳಿ ಬಂದೆ, ಸರ್ವಿಸ್ ಸೆಂಟರ್ ಖರ್ಚು ಕೊಡುತ್ತೇನೆ ಅಂದೆ, ಅವರು ಬೇಡ ಅಂದರು. ಈಗ ಡಬ್ಬಿ ಬಿಚ್ಚಿಟ್ಟಿದ್ದೇನೆ. ಆದರೆ ಫ್ರೀ ಬ್ಯಾಂಡ್ ಅಂದಮೇಲೆ ಇದು ಹೇಗಾಯಿತು ಸರ್?

ಶಾರ್ಟ್‌ವೇವ್_ಬಸವನಗುಡಿ

ಈ 'ಫ್ರೀ' ಅನ್ನುವ ಮಾತೇ ಜನರನ್ನು ದಾರಿ ತಪ್ಪಿಸುತ್ತದೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಓದಿ.

ನಮ್ಮ ದೇಶದಲ್ಲಿ ಮೂಲ ನಿಯಮ ಬಿಗಿಯಾಗಿಯೇ ಇದೆ. 1933ರ ಇಂಡಿಯನ್ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ರೇಡಿಯೋ ಯಂತ್ರವನ್ನು ಲೈಸೆನ್ಸ್ ಇಲ್ಲದೆ ಸುಮ್ನೆ ಮನೆಯಲ್ಲಿ ಇಟ್ಟುಕೊಳ್ಳುವುದೂ ತಪ್ಪು. ಬಳಸಿದರೆ ಮಾತ್ರ ತಪ್ಪು ಅಂತಲ್ಲ, ಇಟ್ಟುಕೊಂಡರೂ ತಪ್ಪು. ಅದಕ್ಕೂ ಹಿಂದಿನದು 1885ರ ಟೆಲಿಗ್ರಾಫ್ ಕಾಯ್ದೆ. 2023ರಲ್ಲಿ ಸಂಸತ್ತು ಹೊಸ ದೂರಸಂಪರ್ಕ ಕಾಯ್ದೆ ಮಾಡಿತು, 2024ರ ಜೂನ್‌ನಿಂದ ಅದರ ಭಾಗಗಳು ಒಂದೊಂದಾಗಿ ಜಾರಿಗೆ ಬಂದಿವೆ. ಕಾಯ್ದೆ ಬದಲಾದರೂ ಬುಡದ ಯೋಚನೆ ಅದೇ: ಅನುಮತಿ ಇಲ್ಲದೆ ಯಾರೂ ಪ್ರಸಾರ ಮಾಡುವಂತಿಲ್ಲ.

ಆದರೆ ಪ್ರತಿಯೊಬ್ಬರ ವೈಫೈಗೂ ಬ್ಲೂಟೂತ್ ಇಯರ್‌ಫೋನ್‌ಗೂ ಲೈಸೆನ್ಸ್ ಕೊಡುತ್ತಾ ಕೂರಲು ಆಗುವುದಿಲ್ಲ ಅಲ್ವಾ. ಅದಕ್ಕೇ ಕೇಂದ್ರ ಸರ್ಕಾರ ಕೆಲವು ಬ್ಯಾಂಡ್‌ಗಳಿಗೆ ಮಾತ್ರ ಗೆಜೆಟ್‌ನಲ್ಲಿ ವಿನಾಯಿತಿ ಕೊಡುತ್ತದೆ. ಇದನ್ನು ನೋಡಿಕೊಳ್ಳುವುದು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ (ವೈರ್‌ಲೆಸ್ ಪ್ಲಾನಿಂಗ್ ಅಂಡ್ ಕೋಆರ್ಡಿನೇಷನ್) ವಿಭಾಗ, 1952ರಿಂದ ಇದೆ. ಪ್ರತಿ ವಿನಾಯಿತಿಗೂ ಷರತ್ತು ಇರುತ್ತದೆ: ಇಲ್ಲಿಂದ ಇಲ್ಲಿಗೆ ಫ್ರೀಕ್ವೆನ್ಸಿ, ಇಷ್ಟೇ ಪವರ್, ಇಷ್ಟೇ ಬ್ಯಾಂಡ್‌ವಿಡ್ತ್ (ಸಿಗ್ನಲ್ ಹಿಡಿಯುವ ಅಗಲ), ಕೆಲವದಕ್ಕೆ ಒಳಾಂಗಣ ಮಾತ್ರ. ಎಲ್ಲ ಷರತ್ತಿಗೂ ಒಳಗಿದ್ದರೆ ಲೈಸೆನ್ಸ್ ಬೇಡ. ಒಂದು ತಪ್ಪಿದರೂ ನೀವು ಮತ್ತೆ ಮೂಲ ನಿಯಮದ ಕೈಗೇ ಸಿಗುತ್ತೀರಿ.

ಈಗ 433ರ ಷರತ್ತು ನೋಡಿ. 433ರಿಂದ 434 ಮೆಗಾಹರ್ಟ್ಸ್, ಹೆಚ್ಚೆಂದರೆ 10 ಮಿಲಿವ್ಯಾಟ್, 10 ಕಿಲೋಹರ್ಟ್ಸ್ ಬ್ಯಾಂಡ್‌ವಿಡ್ತ್, ಒಳಾಂಗಣ ಬಳಕೆ. ನಿಮ್ಮ ಎಚ್‌ಸಿ-12 ಅಂಗಡಿಯಿಂದ ಬರುವಾಗಲೇ 100 ಮಿಲಿವ್ಯಾಟ್‌ಗೆ ಸೆಟ್ ಆಗಿರುತ್ತದೆ, ಅಂದರೆ ಹತ್ತು ಪಟ್ಟು. ಅದರ ಚಾನೆಲ್‌ಗಳು 433.4ರಿಂದ 473 ಮೆಗಾಹರ್ಟ್ಸ್‌ವರೆಗೆ ಹೋಗುತ್ತವೆ. ಮೊದಲ ಎರಡು ಚಾನೆಲ್ ಬಿಟ್ಟರೆ ಮಿಕ್ಕ ತೊಂಬತ್ತೆಂಟೂ ವಿನಾಯಿತಿಯ ಹೊರಗೆ. ಮೇಲಿನ ಡಬ್ಬಿ ತಾರಸಿಯಲ್ಲಿದೆ, ಅದು ಒಳಾಂಗಣವೂ ಅಲ್ಲ.

ಸಂಪ್_ಟ್ಯಾಂಕ್

ಎಟಿ ಕಮಾಂಡ್ (ಮಾಡ್ಯೂಲ್‌ನ ಸೆಟ್ಟಿಂಗ್ ಬದಲಿಸುವ ಆಜ್ಞೆ) ಕೊಟ್ಟು ಪವರ್ ಕಡಿಮೆ ಮಾಡಬಹುದಲ್ವಾ? ಪವರ್ ಮಟ್ಟ ಪಿ4 ಇಟ್ಟರೆ 8 ಡಿಬಿಎಂ (ಪವರ್ ಅಳೆಯುವ ಮಾನ), ಅಂದರೆ 6.3 ಮಿಲಿವ್ಯಾಟ್. ಆಗ 10ರ ಒಳಗೆ ಬರುತ್ತದೆ.

ಪೀಣ್ಯ_ಬೋರ್ಡ್

ಪವರ್ ಸರಿ ಹೋಗುತ್ತದೆ, ಬ್ಯಾಂಡ್‌ವಿಡ್ತ್ ಸರಿ ಹೋಗುವುದಿಲ್ಲ. ಆ ಮಾಡ್ಯೂಲ್‌ನ ಒಂದು ಚಾನೆಲ್‌ಗೂ ಇನ್ನೊಂದಕ್ಕೂ 400 ಕಿಲೋಹರ್ಟ್ಸ್ ಅಂತರ ಇಟ್ಟಿದ್ದಾರೆ, ಸುಮ್ನೆ ಇಟ್ಟಿಲ್ಲ. ಮಾಮೂಲಿ ಮೋಡ್‌ನಲ್ಲಿ ಅದರ ಸಿಗ್ನಲ್ 10 ಕಿಲೋಹರ್ಟ್ಸ್‌ನಲ್ಲಿ ಹಿಡಿಸುವುದಿಲ್ಲ.

ನಾನು ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ವೈರ್‌ಲೆಸ್ ಬೋರ್ಡ್ ಡಿಸೈನ್ ಮಾಡುತ್ತೇನೆ. ಈ ತಪ್ಪನ್ನು ನಾನೇ ಮಾಡಿದ್ದೇನೆ. ಹೊರದೇಶದ ಡೇಟಾಶೀಟ್ ನೋಡಿ, ಯುರೋಪಿನಲ್ಲಿ 433.05ರಿಂದ 434.79ರವರೆಗೆ ಇದೆಯಲ್ಲ, ನಮ್ಮಲ್ಲೂ ಹಾಗೇ ಇರಬೇಕು ಅಂದುಕೊಂಡು ಬೋರ್ಡ್ ಮಾಡಿಬಿಟ್ಟೆ. ಆಮೇಲೆ ಪೂರ್ತಿ ಬದಲಾಯಿಸಬೇಕಾಯಿತು, ಮೂರು ತಿಂಗಳು ಹೋಯಿತು. ಪೆಟ್ಟಿಗೆ ಮೇಲೆ ಎಫ್‌ಸಿಸಿ ಅಂತ ಇದ್ದರೆ ಅದು ಅಮೆರಿಕದ ಲೆಕ್ಕ, ಸಿಇ ಅಂತ ಇದ್ದರೆ ಯುರೋಪಿನ ಲೆಕ್ಕ. ಇಲ್ಲಿಗೆ ಇಲ್ಲಿಯ ಲೆಕ್ಕವೇ ಬೇಕು.

ಇದಕ್ಕಿಂತ ದೊಡ್ಡ ಅಪಾಯ 915 ಮಾಡ್ಯೂಲ್‌ಗಳದ್ದು. ಅಮೆರಿಕದಲ್ಲಿ 902ರಿಂದ 928 ಮೆಗಾಹರ್ಟ್ಸ್ ಲೈಸೆನ್ಸ್ ಬೇಡದ ಬ್ಯಾಂಡ್. ನಮ್ಮಲ್ಲಿ 890ರಿಂದ 915ರವರೆಗೆ ಮೊಬೈಲ್ ಫೋನ್‌ಗಳು ಟವರ್ ಜೊತೆ ಮಾತಾಡುವ ಜಾಗ. ಟವರ್ ಅಲ್ಲಿ ಎಲ್ಲೋ ದೂರದ ಫೋನಿನ ಕ್ಷೀಣ ದನಿಯನ್ನು ಕಿವಿಗೊಟ್ಟು ಕೇಳುತ್ತಿರುತ್ತದೆ. ಡ್ರೋನ್ ಟೆಲಿಮೆಟ್ರಿಗೆ ಅಂತ ಹೊರಗಿನಿಂದ ತಂದ 915 ಮಾಡ್ಯೂಲನ್ನು ಎತ್ತರದ ಕಟ್ಟಡದ ಮೇಲೆ ಹಚ್ಚಿದರೆ ಆ ಕಿವಿಯ ಪಕ್ಕದಲ್ಲೇ ಕೂಗಿದ ಹಾಗೆ. ಆಂಬುಲೆನ್ಸ್‌ಗೆ ಕರೆ ಮಾಡುತ್ತಿರುವವರ ದನಿಯೂ ಅದೇ ಟವರ್‌ಗೆ ಹೋಗಬೇಕು. ದಯವಿಟ್ಟು ಯಾರೂ ಹಾಕಬೇಡಿ.

ಎಸ್‌ಪಿರೋಡ್_ಗಿರಾಕಿ

ಇಷ್ಟೆಲ್ಲಾ ಯಾರು ಬಂದು ಅಳೆಯುತ್ತಾರೆ ಮೇಡಂ? ಬೆಂಗಳೂರಿನಲ್ಲಿ ಲಕ್ಷಾಂತರ ರಿಮೋಟ್ ಇದೆ. ನಮ್ಮ ಒಂದು ಟ್ಯಾಂಕ್ ಸೆನ್ಸರ್ ಹುಡುಕಿಕೊಂಡು ಬರುತ್ತಾರಾ?

ಶಾರ್ಟ್‌ವೇವ್_ಬಸವನಗುಡಿ

ಬರಬಹುದು. ವೈರ್‌ಲೆಸ್ ಮಾನಿಟರಿಂಗ್ ಸ್ಟೇಷನ್‌ಗಳು ಇರುವುದೇ ಅದಕ್ಕೆ. ಯಾರಾದರೂ ದೂರು ಕೊಟ್ಟರೆ ದಿಕ್ಕು ಹಿಡಿಯುವ ಆಂಟೆನಾ ತಂದು ಮೂಲ ಹುಡುಕುತ್ತಾರೆ. ನಾವು ಹ್ಯಾಮ್‌ಗಳು, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವರು, ಇದನ್ನೇ ಆಟವಾಗಿ ಆಡುತ್ತೇವೆ, ಬಚ್ಚಿಟ್ಟ ಸಣ್ಣ ಟ್ರಾನ್ಸ್‌ಮಿಟರ್ ಎಲ್ಲಿದೆ ಅಂತ ಕೈಯಲ್ಲಿ ಆಂಟೆನಾ ಹಿಡಿದು ಅಲೆದು ಹುಡುಕುವ ಸ್ಪರ್ಧೆ. ಕಷ್ಟವೇನಲ್ಲ. 1933ರ ಕಾಯ್ದೆಯಲ್ಲಿ ಅನುಮತಿ ಇಲ್ಲದ ಟ್ರಾನ್ಸ್‌ಮಿಟರ್ ಇಟ್ಟುಕೊಂಡರೆ ಮೂರು ವರ್ಷದವರೆಗೆ ಜೈಲು ಅಂತ ಬರೆದಿತ್ತು, ಸಣ್ಣ ಮಾತಲ್ಲ.

ಆದರೆ ಹೆದರಿಕೆ ಬಿಡಿ, ಈ ಕಟ್ಟಡದಲ್ಲಿ ಏನಾಯಿತು ಅದನ್ನೇ ನೋಡಿ. ಕಾರಿನ ರಿಮೋಟ್ ಹೆಚ್ಚಾಗಿ 433.92ರಲ್ಲಿ ಇರುತ್ತದೆ. ಗುಂಡಿ ಸೆಲ್‌ನಲ್ಲಿ ನಡೆಯುವ ಸಣ್ಣ ಸಿಗ್ನಲ್. ಕಾರಿನ ರಿಸೀವರ್ ಅಗಲವಾಗಿ ಕಿವಿ ತೆರೆದುಕೊಂಡಿರುತ್ತದೆ, ಯಾಕೆಂದರೆ ಅಗ್ಗದ ರಿಮೋಟ್‌ನ ಫ್ರೀಕ್ವೆನ್ಸಿ ಬಿಸಿಲು ಚಳಿಗೆ ಸ್ವಲ್ಪ ಸರಿದಾಡುತ್ತದೆ. ಹತ್ತು ಅಡಿ ದೂರದಲ್ಲಿ ನಿಮ್ಮ ಡಬ್ಬಿ 433.4ರಲ್ಲಿ 100 ಮಿಲಿವ್ಯಾಟ್‌ನಲ್ಲಿ ಸೆಕೆಂಡಿಗೆ ಹತ್ತು ಸಲ ಕೂಗುತ್ತಿದೆ. ಜಾತ್ರೆಯ ಮೈಕಿನ ಬುಡದಲ್ಲಿ ನಿಂತು ಪಿಸುಗುಟ್ಟಿದರೆ ಯಾರಿಗೆ ಕೇಳುತ್ತದೆ? ನಿಮಿಷಕ್ಕೊಮ್ಮೆ ಕಳಿಸುತ್ತಿದ್ದಾಗ ಮಧ್ಯದ ಬಿಡುವಿನಲ್ಲಿ ರಿಮೋಟ್ ಕೇಳಿಸುತ್ತಿತ್ತು, ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ. 10 ಮಿಲಿವ್ಯಾಟ್ ಅನ್ನುವ ಮಿತಿ ಇರುವುದು ಇಂಥ ಪಾರ್ಕಿಂಗ್‌ಗಳಿಗಾಗಿಯೇ.

ಇನ್ನೊಂದು ಮಾತು. ವಿನಾಯಿತಿ ಕೊಡುವಾಗ ಮೂರು ವಿಷಯ ಸೇರಿಸಿಯೇ ಕೊಟ್ಟಿರುತ್ತಾರೆ. ಆ ಜಾಗ ನಿಮ್ಮೊಬ್ಬರದಲ್ಲ, ಎಲ್ಲರೂ ಹಂಚಿಕೊಳ್ಳಬೇಕು. ಲೈಸೆನ್ಸ್ ಇರುವವರಿಗೆ ನಿಮ್ಮಿಂದ ತೊಂದರೆ ಆಗಬಾರದು. ನಿಮಗೆ ಬೇರೆಯವರಿಂದ ತೊಂದರೆ ಆದರೆ ರಕ್ಷಣೆ ಕೇಳುವ ಹಾಗಿಲ್ಲ. ಮೂರನೆಯದನ್ನು ಜನ ಮರೆಯುತ್ತಾರೆ. ಪ್ರಾಣಕ್ಕೆ ಸಂಬಂಧಿಸಿದ ಯಾವುದನ್ನೂ ಬರೀ ಈ ರೇಡಿಯೋ ನಂಬಿ ಕಟ್ಟಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಮೋಟಾರ್‌ಗೂ ಅಷ್ಟೇ, ಸಂದೇಶ ಬರುವುದು ನಿಂತರೆ ಮೋಟಾರ್ ತಾನೇ ನಿಲ್ಲುವ ಹಾಗೆ ಪ್ರೋಗ್ರಾಂ ಬರೆಯಿರಿ.

ಹಳೇ_ವಾಲ್ವ್_ಸೆಟ್, ಮಲ್ಲೇಶ್ವರ

ಮಕ್ಕಳೇ, ಬಹಳ ಸಂತೋಷವಾಯಿತು ಇದನ್ನೆಲ್ಲ ಓದಿ. ನನಗೆ ಈಗ ಎಪ್ಪತ್ತಾರು. ರೇಡಿಯೋ ಕೇಳುವುದಕ್ಕೂ ಲೈಸೆನ್ಸ್ ಬೇಕಿದ್ದ ಕಾಲ ನಾನು ನೋಡಿದವನು. ವರ್ಷಕ್ಕೊಮ್ಮೆ ನಮ್ಮ ತಂದೆಯವರು ಪೋಸ್ಟ್ ಆಫೀಸಿಗೆ ಹೋಗಿ ದುಡ್ಡು ಕಟ್ಟಿ ಪುಸ್ತಕದಲ್ಲಿ ಗುರುತು ಹಾಕಿಸಿಕೊಂಡು ಬರುತ್ತಿದ್ದರು. ಆ ಪುಸ್ತಕ ಬೀರುವಿನಲ್ಲಿ ಮನೆ ಪತ್ರದ ಜೊತೆ ಇರುತ್ತಿತ್ತು. 1980ರ ದಶಕದಲ್ಲಿ ಅದು ಹೋಯಿತು.

ಇನ್ನೊಂದು ನಿಮಗೆ ಗೊತ್ತಿರಲಿ. 1935ರಲ್ಲಿ ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವ್ಯಾಟ್ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು. 'ಆಕಾಶವಾಣಿ' ಅನ್ನುವ ಹೆಸರು ಇಡೀ ದೇಶಕ್ಕೆ ಹೋದದ್ದು ಆ ಮನೆಯಿಂದ. ಮೂವತ್ತೇ ವ್ಯಾಟ್, ಒಂದು ಬಲ್ಬಿನಷ್ಟು. ಸಣ್ಣ ಪವರ್ ಅಂತ ಹಗುರ ಮಾಡಬೇಡಿ.

ಚಿಂತಾಮಣಿ_ತೋಟ

ಅಂಕಲ್ ಚೆನ್ನಾಗಿ ಹೇಳಿದಿರಿ. ನಾನು ಇರುವುದು ಯಲಹಂಕ, ತೋಟ ಚಿಂತಾಮಣಿ ಕಡೆ. ಇದನ್ನು ಓದಿದ ಮೇಲೆ ಒಂದು ಆಸೆ ಬಂತು. ನಮ್ಮ ಊರಿನಲ್ಲಿ ದೇವಸ್ಥಾನದ ಭಜನೆ, ಹಾಲಿನ ಡೈರಿ ಸುದ್ದಿ, ಟೊಮೆಟೊ ರೇಟು ಇದನ್ನೆಲ್ಲ ಊರವರಿಗೆ ಎಫ್‌ಎಂನಲ್ಲಿ ಕೇಳಿಸಬಹುದಾ? ಸಣ್ಣ ಎಫ್‌ಎಂ ಟ್ರಾನ್ಸ್‌ಮಿಟರ್ ಕಿಟ್ ಐನೂರು ರೂಪಾಯಿಗೆ ಸಿಗುತ್ತದೆ.

ಹಳೇ_ವಾಲ್ವ್_ಸೆಟ್

ಬೇಡಪ್ಪ. ಬಿಹಾರದ ಮನ್ಸೂರ್‌ಪುರದಲ್ಲಿ ರಾಘವ್ ಮಹತೋ ಅನ್ನುವ ರೇಡಿಯೋ ರಿಪೇರಿ ಹುಡುಗ ಹೀಗೇ ಮಾಡಿದ್ದ. ಐವತ್ತು ರೂಪಾಯಿಯ ಸಾಮಾನಿನಲ್ಲಿ ಟ್ರಾನ್ಸ್‌ಮಿಟರ್ ಕಟ್ಟಿ, ಬಿದಿರು ಗಳಕ್ಕೆ ಏರಿಸಿ, ಸುತ್ತಲ ಹಳ್ಳಿಗಳಿಗೆ ಹಾಡು ಸುದ್ದಿ ಎಲ್ಲಾ ಕೇಳಿಸಿದ. ಜನ ಅವನನ್ನು ತಲೆ ಮೇಲೆ ಹೊತ್ತುಕೊಂಡರು. ಲೈಸೆನ್ಸ್ ಬೇಕು ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. 2006ರಲ್ಲಿ ಸರ್ಕಾರ ನಿಲ್ಲಿಸಿತು. ಅದನ್ನು ಓದಿದಾಗ ನನಗೆ ಮನಸ್ಸಿಗೆ ಬಹಳ ಬೇಜಾರಾಗಿತ್ತು.

ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಬೇರೆ ದಾರಿ ಹಿಡಿದರು. ಆಗ ಹಳ್ಳಿಯ ಜನ ಟ್ರಾನ್ಸ್‌ಮಿಟರ್ ಇಡಲು ಅವಕಾಶವೇ ಇರಲಿಲ್ಲ. ಅದಕ್ಕೇ 'ನಮ್ಮ ಧ್ವನಿ'ಯನ್ನು ಕೇಬಲ್ ಮೂಲಕ ಮನೆಮನೆಗೆ ತಲುಪಿಸಿದರು. ಗಾಳಿಗೆ ಬಿಡಲಿಲ್ಲ, ತಂತಿಯಲ್ಲಿ ಕಳಿಸಿದರು. ಎಷ್ಟು ಬುದ್ಧಿವಂತಿಕೆ ನೋಡಿ.

ಶಾರ್ಟ್‌ವೇವ್_ಬಸವನಗುಡಿ

ಈಗ ದಾರಿ ಇದೆ. ತರಂಗಾಂತರ ಸಾರ್ವಜನಿಕರ ಸ್ವತ್ತು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತು. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸಂಘ ಸಂಸ್ಥೆಗಳಿಗೆ ಸಮುದಾಯ ರೇಡಿಯೋಗೆ ಅವಕಾಶ ಬಂತು. ಆದರೆ ಅದು ಲೈಸೆನ್ಸ್ ಇರುವ ಲೋಕ, ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಒಬ್ಬರೇ ಕಿಟ್ ತಂದು ಹಚ್ಚುವುದಲ್ಲ. ಊರಿನ ಸಂಘ ನೋಂದಣಿ ಆಗಿದ್ದರೆ ನಿಧಾನವಾಗಿ ಯೋಚನೆ ಮಾಡಿ. ಎಫ್‌ಎಂ ಬ್ಯಾಂಡ್ ಮುಗಿಯುವುದು 108 ಮೆಗಾಹರ್ಟ್ಸ್‌ಗೆ, ಅದರ ಗೋಡೆ ಪಕ್ಕವೇ ವಿಮಾನಗಳು ದಾರಿ ಹಿಡಿಯುವ ಬ್ಯಾಂಡ್ ಶುರುವಾಗುತ್ತದೆ. ಫಿಲ್ಟರ್ ಇಲ್ಲದ ಐನೂರು ರೂಪಾಯಿ ಕಿಟ್ ಎಲ್ಲೆಲ್ಲಿ ಉಗುಳುತ್ತದೆ ಅಂತ ಹೇಳಲು ಬರುವುದಿಲ್ಲ. ಚಿಂತಾಮಣಿ ಕಡೆಯಿಂದ ದೇವನಹಳ್ಳಿ ವಿಮಾನ ನಿಲ್ದಾಣ ದೂರವಿಲ್ಲ.

ಚಿಂತಾಮಣಿ_ತೋಟ

ಅರ್ಥವಾಯಿತು ಸರ್, ಕೈ ಬಿಟ್ಟೆ. ಹಾಗಾದರೆ ಬೋರ್‌ವೆಲ್ ಮೋಟಾರ್‌ಗೆ? ಮನೆಯಿಂದ ಬೋರ್‌ವೆಲ್ ಎರಡು ಕಿಲೋಮೀಟರ್. ಮೊಬೈಲ್ ಸಿಮ್ ಹಾಕುವ ಸ್ಟಾರ್ಟರ್ ಇದೆ, ಆದರೆ ಅಲ್ಲಿ ನೆಟ್‌ವರ್ಕ್ ಬಂದರೆ ಬಂತು.

ಪೀಣ್ಯ_ಬೋರ್ಡ್

ನಿಮಗೂ ಟ್ಯಾಂಕ್ ಅಣ್ಣನಿಗೂ ಒಂದೇ ಉತ್ತರ, 865 ಬ್ಯಾಂಡ್. ನಮ್ಮ ದೇಶ ಸಣ್ಣ ಸಾಧನಗಳಿಗೆ ಧಾರಾಳವಾಗಿ ಕೊಟ್ಟಿರುವ ಜಾಗ ಇದು. 2005ರಲ್ಲಿ 865ರಿಂದ 867 ಕೊಟ್ಟರು, 2021ರಲ್ಲಿ 868ರವರೆಗೆ ಹಿಗ್ಗಿಸಿದರು. ಟ್ರಾನ್ಸ್‌ಮಿಟರ್ ಪವರ್ 1 ವ್ಯಾಟ್‌ವರೆಗೆ, ಆಂಟೆನಾ ಸೇರಿ ಹೊರಗೆ ಹೋಗುವುದು 4 ವ್ಯಾಟ್ ಇಆರ್‌ಪಿವರೆಗೆ, ಬ್ಯಾಂಡ್‌ವಿಡ್ತ್ 200 ಕಿಲೋಹರ್ಟ್ಸ್. ಟೋಲ್‌ನಲ್ಲಿ ನಿಮ್ಮ ಕಾರಿನ ಫಾಸ್ಟ್ಯಾಗ್ ಓದುವ ಯಂತ್ರ ಕೆಲಸ ಮಾಡುವುದೂ ಇಲ್ಲೇ. ಲೋರಾ (ಕಡಿಮೆ ಪವರ್‌ನಲ್ಲಿ ದೂರ ಹೋಗುವ ರೇಡಿಯೋ) ಮಾಡ್ಯೂಲ್ ತಗೊಳ್ಳಿ, ಆದರೆ 868/915 ಅಂತ ಬರೆದ ಮಾಡ್ಯೂಲ್‌ಗೆ ಪ್ರೋಗ್ರಾಂನಲ್ಲಿ ನೀವೇ ಫ್ರೀಕ್ವೆನ್ಸಿ ಹೇಳಬೇಕು. ಲೋರಾ ಬಳಸುವ ಲೋರಾವ್ಯಾನ್ ಜಾಲದ ಭಾರತದ ಚಾನೆಲ್‌ಗಳು 865.0625, 865.4025, 865.985. ಇಂಟರ್ನೆಟ್‌ನಲ್ಲಿ ಸಿಗುವ ಉದಾಹರಣೆ ಪ್ರೋಗ್ರಾಂಗಳಲ್ಲಿ ಬಹುತೇಕ 915 ಅಥವಾ 868 ಅಂತಲೇ ಇರುತ್ತದೆ. ಅದನ್ನು ಹಾಗೇ ಕಾಪಿ ಮಾಡಿದರೆ ಮುಗಿಯಿತು. ಬ್ಯಾಂಡ್‌ವಿಡ್ತ್ 125 ಕಿಲೋಹರ್ಟ್ಸ್ ಇಡಿ. 250 ಇಟ್ಟರೆ 200ರ ಮಿತಿ ದಾಟುತ್ತದೆ.

ಪವರ್ ಲೆಕ್ಕ ಹೀಗೆ. 10 ಡಿಬಿಎಂ ಅಂದರೆ 10 ಮಿಲಿವ್ಯಾಟ್, 20 ಅಂದರೆ 100, 30 ಅಂದರೆ 1 ವ್ಯಾಟ್. ಮೂರು ಡಿಬಿ ಏರಿದರೆ ಪವರ್ ಎರಡು ಪಟ್ಟು. ಮಾಡ್ಯೂಲ್ ಪವರ್‌ಗೆ ಆಂಟೆನಾದ ಗೇನ್ (ಪವರನ್ನು ಒಂದು ದಿಕ್ಕಿಗೆ ಎಷ್ಟು ಕೂಡಿಸಿ ಕಳಿಸುತ್ತದೆ ಅನ್ನುವುದು, ಡಿಬಿಐ ಲೆಕ್ಕದಲ್ಲಿ) ಕೂಡಿಸಿ, ಕೇಬಲ್‌ನಲ್ಲಿ ಕಳೆದುಹೋಗುವುದನ್ನು ಕಳೆಯಿರಿ. 20 ಡಿಬಿಎಂ ಮಾಡ್ಯೂಲ್, 5 ಡಿಬಿಐ ಆಂಟೆನಾ, ಕೇಬಲ್‌ನಲ್ಲಿ 1 ಹೋದರೆ 24 ಡಿಬಿಎಂ. ಇಆರ್‌ಪಿ ಬೇಕಾದರೆ ಅದರಿಂದ 2.15 ಕಳೆಯಿರಿ. ಮಿತಿ 36 ಡಿಬಿಎಂ, ತುಂಬಾ ಒಳಗಿದ್ದೀರಿ. ದೊಡ್ಡ ಆಂಟೆನಾ ಹಾಕಿದರೆ ಪವರ್ ಹೆಚ್ಚಿದ ಹಾಗೇ ಲೆಕ್ಕ, ಇದನ್ನು ಜನ ಮರೆಯುತ್ತಾರೆ.

ತೋಟದವರಿಗೆ ಪವರ್‌ಗಿಂತ ಎತ್ತರ ಮುಖ್ಯ. ಎರಡು ಕಿಲೋಮೀಟರ್ ದೂರಕ್ಕೆ ಈ ಫ್ರೀಕ್ವೆನ್ಸಿಯ ಅಲೆ ಮಧ್ಯದಲ್ಲಿ ಸುಮಾರು 13 ಮೀಟರ್ ತ್ರಿಜ್ಯಕ್ಕೆ, ಅಂದರೆ ಎರಡು ಆಂಟೆನಾ ನಡುವಿನ ನೇರ ಗೆರೆಯಿಂದ ಸುತ್ತಲೂ ಅಷ್ಟು ದೂರದವರೆಗೆ ಹರಡಿಕೊಂಡು ಹೋಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಹತ್ತಿರ ಹತ್ತಿರ 8 ಮೀಟರ್, ತೆರವಾಗಿರಬೇಕು. ಮಧ್ಯದಲ್ಲಿ ನೀಲಗಿರಿ ತೋಪು ಇದ್ದರೆ 1 ವ್ಯಾಟ್ ಹಾಕಿದರೂ ಕಷ್ಟ. ಮನೆ ತಾರಸಿ ಮೇಲೊಂದು ಪೈಪು, ಬೋರ್‌ವೆಲ್ ಹತ್ತಿರ ಒಂದು ಪೈಪು, ಎರಡೂ ಎತ್ತರವಾಗಿದ್ದರೆ 100 ಮಿಲಿವ್ಯಾಟ್ ಸಾಕು. ಮಿಂಚಿನ ಕಾಲದಲ್ಲಿ ಪೈಪಿಗೆ ಅರ್ತಿಂಗ್ ಮರೆಯಬೇಡಿ.

ಚಿಂತಾಮಣಿ_ತೋಟ

ಮಧ್ಯದಲ್ಲಿ ನೀಲಗಿರಿ ಇಲ್ಲ, ಹುಣಸೆ ಮರ ಎರಡಿವೆ, ಕೆರೆ ಏರಿ ಇದೆ. ಏರಿ ಮೇಲೆ ನಿಂತರೆ ಎರಡೂ ಕಾಣುತ್ತದೆ. ಮಧ್ಯದಲ್ಲೊಂದು ಡಬ್ಬಿ ಇಟ್ಟು ಅಲ್ಲಿಂದ ದಾಟಿಸಬಹುದಾ?

ಪೀಣ್ಯ_ಬೋರ್ಡ್

ಧಾರಾಳವಾಗಿ. ಸಣ್ಣ ಸೋಲಾರ್ ಪ್ಲೇಟ್ ಸಾಕು. ಅದೂ ಇದೇ ಮಿತಿಯೊಳಗೆ ಇರಲಿ.

ಕಟ್ಟಡ_ಕಾರ್ಯದರ್ಶಿ

ನಮ್ಮ ಅಪಾರ್ಟ್‌ಮೆಂಟ್ ಸಂಘದ ಪರವಾಗಿ ಎರಡು ಪ್ರಶ್ನೆ. ಬೇಸ್‌ಮೆಂಟ್‌ನಲ್ಲಿ ಮೊಬೈಲ್ ಸಿಗ್ನಲ್ ಬರುವುದಿಲ್ಲ, ಆನ್‌ಲೈನ್‌ನಲ್ಲಿ ಬೂಸ್ಟರ್ ಸಿಗುತ್ತದೆ, ಹಾಕಬಹುದಾ? ಸೆಕ್ಯುರಿಟಿಯವರಿಗೆ ವಾಕಿಟಾಕಿ ಕೊಡಿಸಬೇಕು, ಯಾವುದು ತಗೊಳ್ಳಬೇಕು?

ಶಾರ್ಟ್‌ವೇವ್_ಬಸವನಗುಡಿ

ಬೂಸ್ಟರ್ ಬೇಡವೇ ಬೇಡ. ಖಾಸಗಿಯವರು ಮೊಬೈಲ್ ಬೂಸ್ಟರ್ ಇಟ್ಟುಕೊಳ್ಳುವುದು, ಮಾರುವುದು, ಬಳಸುವುದು ಕಾನೂನಿಗೆ ವಿರುದ್ಧ ಅಂತ ದೂರಸಂಪರ್ಕ ಇಲಾಖೆ 2022ರ ಜನವರಿಯಲ್ಲಿ ಮತ್ತೆ ಸ್ಪಷ್ಟವಾಗಿ ಹೇಳಿದೆ. ಜಾಮರ್‌ಗೂ ಅಷ್ಟೇ. ನಿಮ್ಮ ಮೊಬೈಲ್ ಕಂಪನಿಗೆ ಪತ್ರ ಬರೆಯಿರಿ, ಒಳಗೆ ಆಂಟೆನಾ ಹಾಕುವುದು ಅವರ ಕೆಲಸ. ಅಲ್ಲಿಯವರೆಗೆ ಬೇಸ್‌ಮೆಂಟ್‌ನಲ್ಲಿ ವೈಫೈ ಹಾಕಿದರೆ ವೈಫೈ ಕಾಲಿಂಗ್ ನಡೆಯುತ್ತದೆ.

ವಾಕಿಟಾಕಿಯಲ್ಲಿ 446.0ರಿಂದ 446.2 ಮೆಗಾಹರ್ಟ್ಸ್‌ನದ್ದು, ಅದರಲ್ಲೂ ಇಟಿಎ ಇರುವುದು ಮಾತ್ರ ತಗೊಳ್ಳಿ. 2018ರ ನಿಯಮದಲ್ಲಿ ಅದಕ್ಕೆ ವಿನಾಯಿತಿ ಇದೆ. ಎಲ್ಲ ಕಡೆ ಸಿಗುವ ಬಾವೊಫೆಂಗ್ ಯುವಿ-5ಆರ್ ಥರದ್ದು ಬೇಡ. ಅದು ಪೊಲೀಸ್, ಫೈರ್ ಇಂಜಿನ್ ಇರುವ ಫ್ರೀಕ್ವೆನ್ಸಿಗಳಿಗೂ ಹೋಗಿ ಕೂರುತ್ತದೆ, ಪವರ್ ಕೂಡ 4 ವ್ಯಾಟ್. ಗೊತ್ತಿಲ್ಲದ ಗಾರ್ಡ್ ಕೈಗೆ ಕೊಡಬಾರದು. ಹೀಗೆ ಆನ್‌ಲೈನ್‌ನಲ್ಲಿ ಫ್ರೀಕ್ವೆನ್ಸಿ, ಲೈಸೆನ್ಸ್ ವಿಷಯ ಏನೂ ಹೇಳದೆ ಮಾರುತ್ತಿದ್ದಾರೆ ಅಂತಲೇ 2025ರ ಮೇನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟು ಮಾರ್ಗಸೂಚಿ ತಂದಿತು.

ಎಸ್‌ಪಿರೋಡ್_ಗಿರಾಕಿ

ಇಟಿಎ ಅಂದರೆ ಏನು? ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ಮೊದಲು ನಾನು ಫ್ರೀ ಬ್ಯಾಂಡ್ ಅಂದೆ. ನನ್ನ ಹತ್ತಿರವೂ ನಾಲ್ಕು ಎಚ್‌ಸಿ-12 ಇದೆ, ನಿನ್ನೆ ಎಲ್ಲಾ ತೆಗೆದಿಟ್ಟೆ.

ಪೀಣ್ಯ_ಬೋರ್ಡ್

ಒಳ್ಳೆಯದಾಯಿತು ಅಣ್ಣ. ಇಟಿಎ ಅಂದರೆ ಇಕ್ವಿಪ್‌ಮೆಂಟ್ ಟೈಪ್ ಅಪ್ರೂವಲ್. ಲೈಸೆನ್ಸ್ ಬೇಡದ ಬ್ಯಾಂಡ್‌ನ ಸಾಧನ ನಿಜವಾಗಿ ಮಿತಿಯೊಳಗಿದೆ ಅನ್ನುವುದಕ್ಕೆ ಡಬ್ಲ್ಯುಪಿಸಿ ಕೊಡುವ ಪತ್ರ. ಬಳಸುವವರಿಗೆ ಲೈಸೆನ್ಸ್ ಬೇಡ ಅಂತ ಬಿಟ್ಟಿರುವುದರಿಂದ ಸಾಧನವನ್ನೇ ಮೊದಲು ಪರೀಕ್ಷೆ ಮಾಡುತ್ತಾರೆ. ಲ್ಯಾಬ್ ವರದಿ ಇಟ್ಟುಕೊಂಡು ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ಸ್ವಯಂ ಘೋಷಣೆ ಮಾಡಿ ಪಡೆಯಬಹುದು. ಇದು ಮಾಡೆಲ್‌ಗೆ ಒಂದು, ಪ್ರತಿ ಪೀಸಿಗೆ ಅಲ್ಲ. ಮನೆಗೆ ಕಟ್ಟುವವರು ಇಟಿಎ ಇರುವ ಮಾಡ್ಯೂಲ್ ಕೇಳಿ ತಗೊಳ್ಳಿ, ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ತಯಾರಕರ ಕಾಗದದಲ್ಲಿ ನೋಡಿ. ಹತ್ತು ಮಾಡಿ ಮಾರುವ ಯೋಚನೆ ಬಂದ ದಿನ ಬೋರ್ಡ್ ಡಿಸೈನ್ ಶುರು ಮಾಡುವ ಮೊದಲೇ ಇದರ ಲೆಕ್ಕ ಹಾಕಿ. ನಮ್ಮಲ್ಲಿ ಎಷ್ಟೋ ಹುಡುಗರು ಸಾವಿರ ಪೀಸ್ ಮಾಡಿಸಿ ಆಮೇಲೆ ಕೇಳಲು ಬರುತ್ತಾರೆ, ಅವರ ಮುಖ ನೋಡಲು ಆಗುವುದಿಲ್ಲ.

ಕಟ್ಟಡ_ಕಾರ್ಯದರ್ಶಿ

ವೈಫೈ ಅಂದಿರಿ, ಅದಕ್ಕೆ ಏನಾದರೂ ನೋಡಬೇಕಾ?

ಪೀಣ್ಯ_ಬೋರ್ಡ್

ರೂಟರ್ ಸೆಟ್ಟಿಂಗ್‌ನಲ್ಲಿ ದೇಶ ಭಾರತ ಅಂತ ಇರಲಿ, ಬೇರೆ ಏನೂ ಬೇಡ. 2.4 ಗಿಗಾಹರ್ಟ್ಸ್ 2005ರಿಂದ ಬಿಟ್ಟಿದ್ದಾರೆ, 5 ಗಿಗಾಹರ್ಟ್ಸ್‌ನಲ್ಲಿ 2018ರಲ್ಲಿ ಜಾಸ್ತಿ ಜಾಗ ಸಿಕ್ಕಿತು, ತಾರಸಿಯಲ್ಲೂ ಬಳಸಬಹುದಾಯಿತು. 6 ಗಿಗಾಹರ್ಟ್ಸ್‌ನ ಕೆಳಭಾಗ, 5925ರಿಂದ 6425ರವರೆಗೆ, ಬಿಡುವ ಕರಡು ನಿಯಮ 2025ರ ಮೇನಲ್ಲಿ ಬಂತು, ಅದೂ ಒಳಾಂಗಣಕ್ಕೆ ಒಂದು ಮಿತಿ, ಹೊರಗಡೆಗೆ ತೀರಾ ಸಣ್ಣ ಮಿತಿ.

ಸಂಪ್_ಟ್ಯಾಂಕ್

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಮಾಡಿದ್ದನ್ನು ಹೇಳುತ್ತೇನೆ, ಬೇರೆಯವರಿಗೆ ಉಪಯೋಗ ಆಗಲಿ.

ಎರಡೂ ಡಬ್ಬಿಗೆ ಲೋರಾ ಮಾಡ್ಯೂಲ್ ಹಾಕಿದೆ. 865.4025, ಬ್ಯಾಂಡ್‌ವಿಡ್ತ್ 125, ಸ್ಪ್ರೆಡಿಂಗ್ ಫ್ಯಾಕ್ಟರ್ (ಲೋರಾ ಸಂದೇಶವನ್ನು ಎಷ್ಟು ಹಿಗ್ಗಿಸಿ ಕಳಿಸುತ್ತದೆ ಅನ್ನುವ ಸೆಟ್ಟಿಂಗ್) 7. ಪವರ್ 10 ಡಿಬಿಎಂ. ಮೊದಲು ಎಲ್ಲವನ್ನೂ ಜೋರು ಇಡಬೇಕು ಅಂದುಕೊಳ್ಳುತ್ತಿದ್ದೆ, ನಾಲ್ಕು ಮಹಡಿಯ ಕಾಂಕ್ರೀಟ್ ದಾಟಲು ಇಷ್ಟು ಸಾಕಾಯಿತು. ಹಳೆಯ ಆಂಟೆನಾ 17 ಸೆಂಟಿಮೀಟರ್ ತಂತಿ ಇತ್ತು, ಅದು 433ರ ಲೆಕ್ಕ. ಅದನ್ನು ತೆಗೆದು 8.6 ಸೆಂಟಿಮೀಟರ್ ಹಾಕಿದ ಮೇಲೆ ಸಿಗ್ನಲ್ ಎಷ್ಟೋ ಚೆನ್ನಾಯಿತು. ಸೆಕೆಂಡಿಗೆ ಹತ್ತು ಸಲ ಕೂಗುವುದು ನಿಲ್ಲಿಸಿದೆ. ಮೋಟಾರ್ ಆಫ್ ಇರುವಾಗ ಐದು ನಿಮಿಷಕ್ಕೊಮ್ಮೆ, ಆನ್ ಇರುವಾಗ ಹತ್ತು ಸೆಕೆಂಡಿಗೊಮ್ಮೆ, ಅಷ್ಟೇ. ಒಂದು ಸಂದೇಶಕ್ಕೆ ಹಿಡಿಯುವ ಹೊತ್ತು ಸುಮಾರು 56 ಮಿಲಿಸೆಕೆಂಡ್. ಮಿಕ್ಕ ಹೊತ್ತೆಲ್ಲ ಬ್ಯಾಂಡ್ ಬೇರೆಯವರಿಗೆ. ಮೂರು ಸಂದೇಶ ತಪ್ಪಿದರೆ ಮೋಟಾರ್ ನಿಲ್ಲುತ್ತದೆ, ಅದು ಸರ್ ಹೇಳಿದ್ದು.

ಶಾರ್ಟ್‌ವೇವ್ ಸರ್ ಕಳೆದ ಭಾನುವಾರ ಬಸವನಗುಡಿಯಿಂದ ಮನೆಗೇ ಬಂದರು. ಲ್ಯಾಪ್‌ಟಾಪ್‌ಗೆ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಸುತ್ತಲಿನ ರೇಡಿಯೋ ಸಿಗ್ನಲ್ ಪರದೆಯಲ್ಲಿ ತೋರಿಸುವ ಸಣ್ಣ ರಿಸೀವರ್) ಚುಚ್ಚಿ ಪಾರ್ಕಿಂಗ್‌ನಲ್ಲಿ ಕೂತು ತೋರಿಸಿದರು. ಹಳೆಯ ಡಬ್ಬಿ ಹಚ್ಚಿದಾಗ 433ರ ಪರದೆ ಪೂರ್ತಿ ಹಳದಿ ಗೆರೆ, ಕಾರಿನ ರಿಮೋಟ್ ಗೆರೆ ಅದರ ಪಕ್ಕ ಕಾಣುವುದೇ ಕಷ್ಟ. ಕಣ್ಣಿಂದ ನೋಡಿದ ಮೇಲೆ ನನಗೆ ಹೊಟ್ಟೆಯಲ್ಲಿ ಒಂದು ಥರ ಆಯಿತು. ಆಂಟಿಯೂ ಬಂದು ನೋಡಿದರು, ತಾವೇ ರಿಮೋಟ್ ಒತ್ತಿ ಗೆರೆ ಬರುವುದನ್ನು ನೋಡಿ ಮೊಮ್ಮಗಳನ್ನು ಕರೆದರು. ಅವಳಿಗೆ ಹದಿಮೂರು ವರ್ಷ. ಹ್ಯಾಮ್ ಪರೀಕ್ಷೆಗೆ ಎಷ್ಟು ವಯಸ್ಸು ಆಗಿರಬೇಕು ಅಂತ ಕೇಳುತ್ತಿದ್ದಳು.

ಶಾರ್ಟ್‌ವೇವ್_ಬಸವನಗುಡಿ

ಹನ್ನೆರಡು ಆಗಿದ್ದರೆ ಸಾಕು. ರಿಸ್ಟ್ರಿಕ್ಟೆಡ್ ಗ್ರೇಡ್ ಅನ್ನುವ ಮೊದಲ ಹಂತದ ಲೈಸೆನ್ಸ್‌ಗೆ ಮೋರ್ಸ್ ಸಂಕೇತ ಬೇಡ, ರೇಡಿಯೋದ ಮೂಲ ಪಾಠ ಮತ್ತು ನಿಯಮ ಓದಿಕೊಂಡರೆ ಆಯಿತು. ಈ ಭಾನುವಾರ ಪುಸ್ತಕ ತಂದುಕೊಡುತ್ತೇನೆ, ಹಾಗೇ ಎರಡನೇ ಮಹಡಿಯ ಫ್ಯಾನ್ ರಿಮೋಟ್ ಕೂಡ ನೋಡೋಣ, ಅದರ ಗೆರೆ ಸ್ವಲ್ಪ ಅನುಮಾನ ಬರುವ ಹಾಗಿತ್ತು.